ಕೊಳಗದಿಂದ ಪಹಣಿಗೆ

ಕೊಳಗವೆಂದರೇನು ಎಂಬುದನ್ನು ಇಂದು ಕಾಲೇಜಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಧಾನ್ಯವನ್ನು ಅಳೆಯುವ ಪಾತ್ರೆ. ಸೇರಿಗಿಂತ ದೊಡ್ಡದು, ಖಂಡುಗಕ್ಕಿಂತ ಚಿಕ್ಕದು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ನಮ್ಮ ಹಳೆಯ ಶಾಸನಗಳಲ್ಲಿ ಗದ್ದೆಯ ವಿಸ್ತಾರವನ್ನೇ ಇಷ್ಟು ಖಂಡುಗ, ಇಷ್ಟು ಕೊಳಗ ಎಂದು ಬಿತ್ತುವ ಬೀಜದ ಲೆಕ್ಕದಲ್ಲಿ ಹೇಳಿರುವುದುಂಟು. ಆದರೆ ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮವಲ್ಲ. ಕೆಲವೆಡೆ ಒಂದೇ ಮನೆಯಲ್ಲಿ ಕೊಡುವ ಕೊಳಗ ಒಂದು, ತೆಗೆದುಕೊಳ್ಳುವ ಕೊಳಗ ಮತ್ತೊಂದು. ತೆಗೆದುಕೊಳ್ಳುವ ಕೊಳಗದ ಗಾತ್ರವನ್ನು ಕುರಿತು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ 1951ರಲ್ಲಿ ಎದ್ದ ತಕರಾರು, ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಕನ್ನಡ ನಾಡಿನ ಹಳ್ಳಿಗಳ ಬಾಳನ್ನೇ ಬದಲಿಸಿದ ಒಂದು ದೊಡ್ಡ ವ್ಯವಹಾರದ ಮೊದಲ ಪುಟವಾಯಿತು.

ನಮ್ಮ ರಾಜ್ಯದ ಈಚಿನ ಚರಿತ್ರೆಯನ್ನು ಬರೆಯುವವರು 1956ರ ಏಕೀಕರಣವನ್ನೂ 1973ರ ನಾಮಕರಣವನ್ನೂ ವಿಸ್ತಾರವಾಗಿ ಹೇಳುತ್ತಾರೆ. ಹೇಳಬೇಕಾದದ್ದೇ. ಆದರೆ ನಾಡು ಒಂದಾದ ದಿನ ಆ ನಾಡಿನ ಮಣ್ಣು ಯಾರದಾಗಿತ್ತು, ಅದು ಯಾರಿಂದ ಯಾರಿಗೆ ಹೋಯಿತು, ಯಾರಿಗೆ ಹೋಗಲಿಲ್ಲ ಎಂಬ ಪ್ರಶ್ನೆಯೂ ಚರಿತ್ರೆಯದೇ. ಈ ಪುಟವನ್ನು ಓದುವವರಲ್ಲಿ ಅನೇಕರು ಎರಡು ತಲೆಮಾರಿನ ಹಿಂದೆ ಗೇಣಿ ಕೊಟ್ಟವರ ಮನೆಯವರು. ಇನ್ನನೇಕರು ಗೇಣಿ ತೆಗೆದುಕೊಂಡವರ ಮನೆಯವರು. ಇಬ್ಬರ ಮನೆಯಲ್ಲೂ ಈ ಕಥೆ ನಡೆದಿದೆ. ಹೇಳುವ ಬಗೆ ಮಾತ್ರ ಬೇರೆ.

ಗೇಣಿಯ ಪದ್ಧತಿಯನ್ನು ಮೊದಲು ಸ್ವಲ್ಪ ನೋಡಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಗದ್ದೆ ತೋಟಗಳ ಒಡೆತನ ಒಬ್ಬನದು, ದುಡಿಮೆ ಇನ್ನೊಬ್ಬನದು. ಮೂಲಗೇಣಿ ಎಂಬುದು ತಲೆತಲಾಂತರದ ಹಕ್ಕು. ಅಂಥವನನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನ ಪಾಡು ಹಾಗಲ್ಲ. ಅವನು ಒಡೆಯನ ಮರ್ಜಿ ಇರುವ ತನಕ ಉಳುವವನು. ಮುಂದಿನ ವರ್ಷ ಆ ಗದ್ದೆ ಅವನಿಗುಂಟೋ ಇಲ್ಲವೋ ಎಂಬುದು ಸುಗ್ಗಿಯ ಕಣದಲ್ಲಿ ಗೊತ್ತಾಗುತ್ತಿತ್ತು. ಕರಾವಳಿಯಲ್ಲಿ ಗೇಣಿ ಮುಡಿಯ ಲೆಕ್ಕದಲ್ಲಿ ಹೋದರೆ ಸಾಗರದ ಕಡೆ ಕೊಳಗದ ಲೆಕ್ಕ. ಅಳೆದುಕೊಟ್ಟದ್ದಕ್ಕೆ ರಸೀದಿ ಇಲ್ಲ. ಬಾಕಿ ಎಷ್ಟೆಂದು ಒಡೆಯನ ಪುಸ್ತಕ ಹೇಳಬೇಕು. ಆ ಪುಸ್ತಕವನ್ನು ಓದಲು ಗೇಣಿದಾರನಿಗೆ ಬರುವುದಿಲ್ಲ. ಗೇಣಿಯ ಮೇಲೆ ಬಿಟ್ಟಿ ಕೆಲಸ, ಹಬ್ಬಕ್ಕೆ ಕಾಣಿಕೆ, ಧಣಿ ಎದುರಾದರೆ ಹೆಗಲ ವಸ್ತ್ರವನ್ನು ಕೈಗೆ ತೆಗೆದುಕೊಂಡು ದಾರಿಯ ಬದಿಗೆ ನಿಲ್ಲುವುದು. ಇವೆಲ್ಲ ಯಾವ ಕರಾರಿನಲ್ಲಿಯೂ ಬರೆದದ್ದಲ್ಲ. ಆದರೂ ಬರೆದದ್ದಕ್ಕಿಂತ ಗಟ್ಟಿಯಾಗಿದ್ದವು.

ಕಾಗೋಡಿನ ಗೇಣಿದಾರರು ಹೆಚ್ಚಾಗಿ ದೀವರು. ಎಚ್. ಗಣಪತಿಯಪ್ಪನವರು ಅವರ ನಡುವೆ ಓಡಾಡಿ ರೈತರ ಸಂಘವನ್ನು ಕಟ್ಟಿದರು. ಬೇಡಿಕೆ ಬಹಳ ಚಿಕ್ಕದು: ಎಲ್ಲರಿಗೂ ಒಪ್ಪಿತವಾದ ಅಳತೆಯ ಕೊಳಗದಿಂದ ಗೇಣಿಯನ್ನು ಅಳೆಯಿರಿ. ಭೂಮಿ ಕೊಡಿರೆಂದು ಅವರು ಕೇಳಲಿಲ್ಲ. ಗೇಣಿ ಕೊಡುವುದಿಲ್ಲವೆಂದೂ ಹೇಳಲಿಲ್ಲ. ಆದರೆ ಒಡೆಯನ ಮನೆಯ ಅಳತೆಯನ್ನು ತಪ್ಪೆಂದು ಉಳುವವನು ಬಾಯಿಬಿಟ್ಟು ಹೇಳಿದನೆಂದರೆ ಅದರ ಹಿಂದೆ ಉಳಿದ ಎಲ್ಲ ಅಳತೆಗಳೂ ಪ್ರಶ್ನೆಗೆ ಬರುತ್ತವೆ. ಭೂಮಾಲೀಕರಾದ ಕೆ. ಜಿ. ಒಡೆಯರ್ ಅವರ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಯಿತು. ಕೊಳಗದ ಮಾತು ಎತ್ತಿದವರಿಗೆ ಗದ್ದೆಗೆ ಇಳಿಯದಂತೆ ತಡೆಯಾಯಿತು.

1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹೊತ್ತು ತಂಡತಂಡವಾಗಿ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಗಂಡಸರು ಜೈಲಿಗೆ ಹೋದ ಮೇಲೆ ಹೆಂಗಸರೂ ಬಂದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ತೀರ್ಥಹಳ್ಳಿಯ ಕಡೆಯ ತರುಣ ಶಾಂತವೇರಿ ಗೋಪಾಲಗೌಡರು ಮುಂದಾಳಾದರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದರು. ಅವರನ್ನು ಸಾಗರದಲ್ಲಿ ಬಂಧಿಸಲಾಯಿತು. ಅದುವರೆಗೆ ಸಾಗರದ ಪೇಟೆಯಾಚೆಗೆ ಕೇಳಿಸದಿದ್ದ ಹಳ್ಳಿಯ ಹೆಸರು ಇಡೀ ದೇಶದ ಪತ್ರಿಕೆಗಳಲ್ಲಿ ಬಂದಿತು.

ಇಲ್ಲೊಂದು ಸೋಜಿಗವುಂಟು. ಅದೇ 1951ರ ಏಪ್ರಿಲಿನಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರಿಗೆ ಮೊದಲ ಭೂದಾನ ದೊರೆಯಿತು. ಅಲ್ಲಿ ಇದ್ದವನ ಹೃದಯಕ್ಕೆ ಮೊರೆ. ಇಲ್ಲಿ ಇಲ್ಲದವನ ಕೈಯಲ್ಲಿ ನೇಗಿಲು. ಪತ್ರಿಕೆಗಳು ಮೊದಲನೆಯದನ್ನು ಹೆಚ್ಚು ಮೆಚ್ಚಿದವು. ಭೂಮಿಯ ಪ್ರಶ್ನೆ ನಮ್ಮಲ್ಲಿ ಎಷ್ಟು ಬಗೆಹರಿದಿದೆಯೋ ಅಷ್ಟು ಎರಡನೆಯ ದಾರಿಯಿಂದಲೇ ಬಗೆಹರಿಯಿತೆಂದು ಈಗ ಹೇಳಬಹುದು.

ಆಗ ಮೈಸೂರು ಸಂಸ್ಥಾನದಲ್ಲಿ ಅಧಿಕಾರದಲ್ಲಿದ್ದದ್ದು ಕೆ. ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ. 1947ರಲ್ಲಿ 'ಮೈಸೂರು ಚಲೋ' ಎಂದು ಜನರನ್ನು ಜೈಲಿಗೆ ಕರೆದೊಯ್ದ ಪಕ್ಷವೇ ನಾಲ್ಕು ವರ್ಷ ತುಂಬುವ ಮೊದಲು ನೇಗಿಲು ಹಿಡಿದವರನ್ನು ಜೈಲಿಗೆ ಕಳುಹಿಸಿತು. ಇದನ್ನು ಕೇವಲ ದ್ರೋಹವೆಂದು ಕರೆದು ಮುಗಿಸಿದರೆ ಚರಿತ್ರೆ ತಿಳಿದಂತಾಗುವುದಿಲ್ಲ. ಹಳೆಯ ಮೈಸೂರಿನ ಕಾಂಗ್ರೆಸ್ಸಿಗೆ ಹಳ್ಳಿಗಳಲ್ಲಿ ಬೇರು ಬಿಟ್ಟದ್ದು ಭೂಮಿಯುಳ್ಳ ಮನೆತನಗಳ ಮೂಲಕ. ಅರಮನೆಯಿಂದ ಅಧಿಕಾರ ಪಡೆಯುವ ತನಕ ಆ ಮನೆತನಗಳೂ ಅವರ ಒಕ್ಕಲುಗಳೂ ಒಂದೇ ಮೆರವಣಿಗೆಯಲ್ಲಿ ನಡೆಯಬಹುದಾಗಿತ್ತು. ಅಧಿಕಾರ ಬಂದ ಮೇಲೆ ಮೆರವಣಿಗೆ ಕವಲಾಗಲೇಬೇಕಿತ್ತು. 1952ರ ಮೊದಲ ಮಹಾಚುನಾವಣೆಯ ಫಲಿತಾಂಶವೇ ಇದಕ್ಕೆ ಸಾಕ್ಷಿ. ಶಿವಮೊಗ್ಗ ಕ್ಷೇತ್ರದಿಂದ ಕಾಂಗ್ರೆಸ್ಸಿನ ಕೆ. ಜಿ. ಒಡೆಯರ್ ಅವರೇ ಲೋಕಸಭೆಗೆ ಹೋದರು. ಸಾಗರದಿಂದ ಗೋಪಾಲಗೌಡರು ವಿಧಾನಸಭೆಗೆ ಹೋದರು. ಒಂದೇ ಜಿಲ್ಲೆಯ ಜನ, ಒಂದೇ ಚುನಾವಣೆ, ಕೊಳಗದ ಎರಡೂ ಬದಿಯವರಿಗೆ ಗೆಲುವು!

ಸತ್ಯಾಗ್ರಹದ ತತ್‍ಕ್ಷಣದ ಫಲವೇನೆಂದು ಕೇಳಿದರೆ ಹೇಳಿಕೊಳ್ಳುವಂಥದ್ದು ಕಡಿಮೆ. ಗದ್ದೆ ಕೈಗೆ ಬರಲಿಲ್ಲ. ಆದರೆ ಗೇಣಿಯ ಮಾತು ಹಳ್ಳಿಯ ಪಂಚಾಯಿತಿಕೆಯಿಂದ ಶಾಸನಸಭೆಗೆ ಏರಿತು. 1952ರಲ್ಲಿ ಮೈಸೂರು ಗೇಣಿ ಶಾಸನ ಬಂದಿತು. ಕಂದಾಯ ಮಂತ್ರಿಗಳಾಗಿದ್ದ ಕಡಿದಾಳು ಮಂಜಪ್ಪನವರು ಇನಾಮು ರದ್ದಿಯಾತಿಯ ಶಾಸನಗಳನ್ನೂ ತಂದರು. ಕಾಂಗ್ರೆಸ್ಸಿನೊಳಗೇ ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರಿದ್ದರು ಎಂಬುದನ್ನು ಮರೆಯಬಾರದು.

1956ರ ನವೆಂಬರ್ 1ರಂದು ನಾಡು ಒಂದಾದಾಗ ಹೊಸ ತೊಡಕು ಬಂದಿತು. ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಲ್ಲಿ 1948ರ ಮುಂಬಯಿ ಗೇಣಿ ಶಾಸನ. ಹೈದರಾಬಾದಿನ ಭಾಗದಲ್ಲಿ 1950ರ ಶಾಸನ. ದಕ್ಷಿಣ ಕನ್ನಡದಲ್ಲಿ ಮದರಾಸಿನ ಕಟ್ಟಳೆ. ಕೊಡಗಿನದು ಬೇರೆ, ಮೈಸೂರಿನದು ಬೇರೆ. ಭಾಷೆಯೊಂದಾದರೂ ಉಳುವವನ ಹಕ್ಕು ಐದಾಗಿತ್ತು. ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ಇವೆಲ್ಲವನ್ನೂ ಒಂದು ಮಾಡಲು ಸಲಹೆ ಕೊಟ್ಟಿತು. 1961ರಲ್ಲಿ ಭೂಸುಧಾರಣಾ ಮಸೂದೆ ಅಂಗೀಕಾರವಾಯಿತು. ಶಾಸನ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗಾಂಧೀಜಿಯ ಹುಟ್ಟಿದ ದಿನವನ್ನು ಆರಿಸಿದ್ದು ಸೊಗಸೇ. ಆದರೆ ಅಂಗೀಕಾರಕ್ಕೂ ಜಾರಿಗೂ ನಡುವಿನ ಆ ನಾಲ್ಕು ವರ್ಷ ಯಾರಿಗೆ ಅನುಕೂಲವಾಯಿತು? ಕಾನೂನು ಬರುತ್ತಿದೆಯೆಂದು ಮೊದಲು ತಿಳಿಯುವುದು ಓದುಬರಹ ಬಲ್ಲವರಿಗೆ. ಗೇಣಿದಾರ ತಾನಾಗಿ ಭೂಮಿ ಬಿಟ್ಟುಕೊಟ್ಟನೆಂದು ಹೆಬ್ಬೆಟ್ಟು ಹಾಕಿಸಿಕೊಳ್ಳುವುದು, ಗೇಣಿಯವನನ್ನೇ ಕೂಲಿಯಾಳೆಂದು ಬರೆಸುವುದು, ಭೂಮಿಯನ್ನು ನೆಂಟರಿಷ್ಟರ ಹೆಸರಿಗೆ ಹಂಚುವುದು — ಇವು ಆ ಕಾಲದ ಕುಶಲಕಲೆಗಳು.

ಆ ಶಾಸನದಲ್ಲಿ ಗೇಣಿಯನ್ನು ಬೆಳೆಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗೆ ಇಳಿಸಿದ್ದು ನಿಜ. ಆದರೆ ಸ್ವಂತ ಸಾಗುವಳಿಗೆಂದು ಭೂಮಿಯನ್ನು ಹಿಂದಕ್ಕೆ ಪಡೆಯಲು ಒಡೆಯನಿಗೆ ಅವಕಾಶವಿತ್ತು. ತಕರಾರು ಬಂದರೆ ಗೇಣಿದಾರ ಮುನ್ಸೀಫರ ಕೋರ್ಟಿನ ಮೆಟ್ಟಿಲು ಹತ್ತಬೇಕು, ವಕೀಲರನ್ನು ಹಿಡಿಯಬೇಕು, ಕಾಗದ ತೋರಿಸಬೇಕು. ಯಾವ ಕಾಗದ? ಪಹಣಿಯನ್ನು ಬಹುಕಾಲ ಬರೆದವರು ವಂಶಪಾರಂಪರ್ಯದ ಶಾನುಭೋಗರು. ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಹೋಯಿತು. ಆದರೆ ಅವರು ಬರೆದಿಟ್ಟದ್ದು ಹೋಗಲಿಲ್ಲ. ಒಡೆಯನ ಚಾವಡಿಯಲ್ಲಿ ಕುಳಿತು ಬರೆದ ಪಹಣಿಯಲ್ಲಿ ಉಳುವವನ ಹೆಸರು ಬರುವುದು ಒಡೆಯನ ಒಪ್ಪಿಗೆಯ ಮಾತಾಗಿತ್ತು. ಹೀಗೆ ಕೊಳಗದ ಜಾಗದಲ್ಲಿ ಕಾಗದ ಬಂದು ಕುಳಿತಿತು. ಎರಡೂ ಇದ್ದದ್ದು ಒಂದೇ ಮನೆಯಲ್ಲಿ.

ಈ ನಡುವೆ ಸಾಗರದ ಸೀಮೆಗೆ ಇನ್ನೊಂದು ದೊಡ್ಡ ಸಂಕಟ ಬಂದಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ನೀರಿನಡಿಗೆ ಹೋಯಿತು. ಬೆಂಗಳೂರಿನ ಕಾರ್ಖಾನೆಗಳಿಗೂ ನಮ್ಮ ಮನೆಯ ದೀಪಗಳಿಗೂ ಬೆಳಕು ಬಂದದ್ದು ಆ ನೀರಿನಿಂದ. ಮುಳುಗಿದ ನೆಲಕ್ಕೆ ಪರಿಹಾರ ಕೊಡುವಾಗಲೂ ಸರ್ಕಾರ ನೋಡಿದ್ದು ದಾಖಲೆಯನ್ನೇ. ಉಳುವವನಿಗೆ ಭೂಮಿಯ ಹಕ್ಕು ಕೊಡುವ ಕಾನೂನು ಬಂದದ್ದು ಹತ್ತು ವರ್ಷ ತಡವಾಗಿ. ಅಷ್ಟರಲ್ಲಿ ಅವನು ಉತ್ತ ಗದ್ದೆಯ ಮೇಲೆ ದೋಣಿ ಓಡಾಡುತ್ತಿತ್ತು. ಕಾಡಿನ ಅಂಚಿಗೆ ಹೋಗಿ ನೆಲಸಿದ ಅನೇಕ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಮುಗಿದಿಲ್ಲ.

ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಆಗಿನ್ನೂ ಅವರಿಗೆ ಐವತ್ತು ತುಂಬಿರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕೆಂದು ಹಟ ಹಿಡಿದಿದ್ದವರು ಆ ಹೆಸರನ್ನು ಕಾಣಲಿಲ್ಲ. ಕಾಗೋಡಿನ ಫಲವನ್ನೂ ಕಾಣಲಿಲ್ಲ. ಅನಂತಮೂರ್ತಿಯವರ 'ಅವಸ್ಥೆ'ಯ ಕೃಷ್ಣಪ್ಪನಲ್ಲಿ ಅವರ ನೆರಳಿದೆಯೆಂಬುದು ಸಾಹಿತ್ಯದ ಓದುಗರಿಗೆ ತಿಳಿದ ಸಂಗತಿ. ಅವರು ತೀರಿಕೊಳ್ಳುವ ಮೂರು ತಿಂಗಳ ಮೊದಲು ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದರು.

ಅರಸು ಅವರು ಸಮಾಜವಾದಿಯಲ್ಲ. ಕಾಂಗ್ರೆಸ್ಸಿನಲ್ಲೇ ಬೆಳೆದ ನುರಿತ ರಾಜಕಾರಣಿ. ರಾಜ್ಯದ ಎರಡು ಪ್ರಬಲ ಸಮುದಾಯಗಳ ಹೊರಗಿನವರಾದ ಅವರಿಗೆ ಆ ಸಮುದಾಯಗಳನ್ನು ಮೀರಿದ ಬಲ ಬೇಕಾಗಿತ್ತು. ಗೇಣಿದಾರರಲ್ಲಿ, ಹಿಂದುಳಿದ ಜಾತಿಗಳಲ್ಲಿ ಆ ಬಲವನ್ನು ಅವರು ಕಂಡರು. 1972ರಲ್ಲಿ ಹಾವನೂರು ಆಯೋಗದ ನೇಮಕ, 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ — ಎರಡೂ ಒಂದೇ ಲೆಕ್ಕಾಚಾರದ ಎರಡು ಕೈಗಳು. ಲೆಕ್ಕಾಚಾರವಿತ್ತೆಂದ ಮಾತ್ರಕ್ಕೆ ಕೆಲಸದ ಬೆಲೆ ಇಳಿಯುವುದಿಲ್ಲ. ಶುದ್ಧ ಮನಸ್ಸಿನವರು ಇಪ್ಪತ್ತು ವರ್ಷ ಕೇಳಿದ್ದನ್ನು ಲೆಕ್ಕಾಚಾರದವರು ಮಾಡಿಕೊಟ್ಟರು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮುಖ್ಯ ಅಂಶ ಒಂದೇ ಮಾತಿನದು: ಗೇಣಿಯಲ್ಲಿರುವ ಭೂಮಿ ಆ ದಿನದಿಂದ ಸರ್ಕಾರದ್ದು, ಉಳುತ್ತಿದ್ದವನು ಅರ್ಜಿ ಕೊಟ್ಟು ತನ್ನದಾಗಿಸಿಕೊಳ್ಳಬೇಕು. ಸ್ವಂತ ಸಾಗುವಳಿಯ ನೆಪದ ಬಾಗಿಲು ಮುಚ್ಚಿತು. ಸೈನಿಕರು, ನಾವಿಕರು ಮುಂತಾದವರಿಗೆ ಬಿಟ್ಟರೆ ಇನ್ನು ಮುಂದೆ ಗೇಣಿಗೆ ಕೊಡುವುದೇ ನಿಷಿದ್ಧ. ತಕರಾರುಗಳನ್ನು ಕೋರ್ಟಿನಿಂದ ತೆಗೆದು ತಾಲ್ಲೂಕಿನ ಭೂನ್ಯಾಯ ಮಂಡಳಿಗಳಿಗೆ ಕೊಟ್ಟರು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಶಾಸನದ ಪ್ರಾಣವಿರುವುದು ಆ ಕೊನೆಯ ಅಂಶದಲ್ಲಿ. ಗೇಣಿದಾರ ತುಂಬಬೇಕಾದದ್ದು 7ನೆಯ ನಂಬರಿನ ಫಾರಂ. ಕರಾವಳಿಯಲ್ಲಿ ಇದಕ್ಕೆ 'ಡಿಕ್ಲರೇಷನ್ ಕೊಡುವುದು' ಎಂದು ಹೆಸರಾಯಿತು. ಇಂದಿಗೂ ಅಲ್ಲಿಯ ಹಿರಿಯರು ಒಂದು ಮನೆತನದ ಕಥೆ ಹೇಳುವಾಗ ಡಿಕ್ಲರೇಷನ್ನಿನ ಮುಂಚೆ, ಆಮೇಲೆ ಎಂದು ಕಾಲವನ್ನು ಎರಡು ಮಾಡುತ್ತಾರೆ. ಫಾರಂ ಕೊಟ್ಟ ಮೇಲೆ ಮಂಡಳಿಯ ಮುಂದೆ ನಿಲ್ಲಬೇಕು. ಅಲ್ಲಿ ಕಾಗದವಿಲ್ಲದವನ ಬಾಯಿಮಾತಿಗೂ ಬೆಲೆಯಿತ್ತು. ನೆರೆಗದ್ದೆಯವನನ್ನು ಕರೆದು, ಈ ಗದ್ದೆಯನ್ನು ಯಾರು ಉಳುತ್ತಿದ್ದರೆಂದು ಕೇಳಬಹುದಾಗಿತ್ತು. ಹೆಗಲ ವಸ್ತ್ರವನ್ನು ಕೈಯಲ್ಲಿ ಹಿಡಿದು ದಾರಿ ಬಿಡುತ್ತಿದ್ದವನು ಅದೇ ಧಣಿಯ ಎದುರು ನಿಂತು, ಸರ್ಕಾರದ ಅಧಿಕಾರಿ ಕೇಳುತ್ತಿರುವಾಗ, 'ಇದನ್ನು ಉತ್ತವನು ನಾನು' ಎನ್ನಬೇಕು. ಎಷ್ಟು ಜನರಿಗೆ ಆ ಮಾತು ಗಂಟಲಲ್ಲೇ ಉಳಿಯಿತೋ! ಧಣಿಯ ಅನ್ನ ಉಂಡ ಋಣವೆಂದು, ದೈವದ ಭಯವೆಂದು, ಸಾಲದ ಹೆದರಿಕೆಯೆಂದು ಫಾರಂ ಕೊಡದೆ ಕುಳಿತವರಿದ್ದರು. ಕೊಟ್ಟು ಹಿಂದೆ ತೆಗೆದುಕೊಂಡವರೂ ಇದ್ದರು.

ಹಾಗಿದ್ದರೂ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಗಡುವನ್ನು ಮತ್ತೆ ಮತ್ತೆ ಮುಂದೂಡಿ 1979ರ ಜೂನಿನ ತನಕ ತೆಗೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅದರ ಪರಿಣಾಮ ಎದ್ದು ಕಂಡಿತು. ಮಂಡಳಿಗಳಲ್ಲಿ ಪಕ್ಷದವರನ್ನು ತುಂಬಿದರೆಂಬ ದೂರು ಸುಳ್ಳಲ್ಲ. ತೀರ್ಪಿನ ಮೇಲೆ ಅಪೀಲಿಗೆ ಅವಕಾಶವಿಲ್ಲದೆ ಎಲ್ಲರೂ ರಿಟ್ ಹಿಡಿದು ಹೈಕೋರ್ಟಿಗೆ ಓಡಬೇಕಾಯಿತೆಂಬುದೂ ಸುಳ್ಳಲ್ಲ. 1975ರ ತುರ್ತು ಪರಿಸ್ಥಿತಿಯ ನೆರಳಿನಲ್ಲಿ ಈ ಕೆಲಸಕ್ಕೆ ಬಂದ ವೇಗವನ್ನು ಹೊಗಳುವಾಗಲೂ ನಾಲಗೆ ಸ್ವಲ್ಪ ತಡವರಿಸುತ್ತದೆ.

ಕಳೆದುಕೊಂಡವರ ಮಾತನ್ನೂ ಇಲ್ಲಿ ಆಡಬೇಕು. ಭೂಮಾಲೀಕರೆಲ್ಲ ನೂರಾರು ಖಂಡುಗದ ಧಣಿಗಳಾಗಿರಲಿಲ್ಲ. ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಿಂದ ಬದುಕುತ್ತಿದ್ದ ವಿಧವೆ, ಗುಡಿಯ ಅರ್ಚಕ, ಪಟ್ಟಣದಲ್ಲಿ ಸಣ್ಣ ಸಂಬಳದ ಶಾಲಾ ಮಾಸ್ತರ — ಇವರ ಭೂಮಿಯೂ ಹೋಯಿತು. ಪರಿಹಾರದ ಹಣ ಅಲ್ಪ, ಅದೂ ಕಂತಿನಲ್ಲಿ. ಅದೇ ಕಾನೂನಿನಲ್ಲಿ ಕಾಫಿ, ಚಹಾ, ಏಲಕ್ಕಿ, ರಬ್ಬರು, ಮೆಣಸಿನ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಸಿಕ್ಕಿತು. ವಿಧವೆಯ ಎರಡೆಕರೆಯನ್ನು ಬಿಡದ ಶಾಸನ ಕಾಫಿಯ ನೂರಾರು ಎಕರೆಯನ್ನು ಮುಟ್ಟಲಿಲ್ಲವೆಂಬ ಆಕ್ಷೇಪಕ್ಕೆ ನನಗೆ ಸಮರ್ಪಕವಾದ ಉತ್ತರ ಎಲ್ಲಿಯೂ ಸಿಕ್ಕಿಲ್ಲ. ಆದರೆ ಒಂದನ್ನು ಗಮನಿಸಬೇಕು. ಭೂಮಿ ಹೋದ ಮನೆಯ ಮಕ್ಕಳಿಗೆ ಆ ಹೊತ್ತಿಗಾಗಲೇ ಶಾಲೆ ಕಾಲೇಜುಗಳ ದಾರಿ ತಿಳಿದಿತ್ತು. ಅವರು ಬ್ಯಾಂಕಿಗೆ ಹೋದರು, ಬೆಂಗಳೂರು ಮುಂಬಯಿಗಳಿಗೆ ಹೋದರು. ನಮ್ಮ ನಗರಗಳ ಮಧ್ಯಮವರ್ಗದಲ್ಲಿ ಒಂದು ಪಾಲು ಹೀಗೆ ಗದ್ದೆಯಿಂದ ಕಳಚಿಕೊಂಡು ಬಂದದ್ದು. ಊರಿನ ನೆನಪಿನ ಜೊತೆ ಒಂದು ಸಣ್ಣ ಕಹಿಯನ್ನೂ ತಂದದ್ದು.

ಇನ್ನು ಏನನ್ನೂ ಕಳೆದುಕೊಳ್ಳಲು ಇಲ್ಲದವನ ಗತಿ? ಇಲ್ಲಿ ಶಿವರಾಮ ಕಾರಂತರ ಚೋಮ ಎದುರಿಗೆ ಬಂದು ನಿಲ್ಲುತ್ತಾನೆ. 1933ರ 'ಚೋಮನ ದುಡಿ'ಯಲ್ಲಿ ಆ ಹೊಲೆಯನ ಆಸೆ ಒಂದೇ: ತುಂಡು ಭೂಮಿಯನ್ನು ಗೇಣಿಗೆ ಹಿಡಿದು ತಾನೂ ಬೇಸಾಯಗಾರನಾಗಬೇಕು. ಜಾತಿ ಅದಕ್ಕೆ ಬಿಡಲಿಲ್ಲ. ಬಿ. ವಿ. ಕಾರಂತರು ಆ ಕಾದಂಬರಿಯನ್ನು ಚಲನಚಿತ್ರ ಮಾಡಿದ್ದು 1975ರಲ್ಲಿ. ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂದಿತು. ಪಟ್ಟಣದ ಜನ ಚಿತ್ರಮಂದಿರದಲ್ಲಿ ಚೋಮನಿಗಾಗಿ ಕಣ್ಣೀರಿಡುತ್ತಿದ್ದ ಆ ದಿನಗಳಲ್ಲಿಯೇ ಭೂನ್ಯಾಯ ಮಂಡಳಿಗಳು ತಾಲ್ಲೂಕು ತಾಲ್ಲೂಕಿನಲ್ಲಿ ಕುಳಿತಿದ್ದವು. ಚೋಮ ಬದುಕಿದ್ದು ಅಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತು? ಅವನು ಗೇಣಿದಾರನಲ್ಲ. ಅವನಿಗೆ ಗೇಣಿಗೇ ಯಾರೂ ಭೂಮಿ ಕೊಟ್ಟಿರಲಿಲ್ಲ. ಆದ್ದರಿಂದ ಭೂಮಿಯ ಹಕ್ಕು ಕೇಳುವ ಹಕ್ಕೂ ಇಲ್ಲ. ಕೂಲಿಯಾಳಿಗೆ ಆ ಶಾಸನ ಕೊಟ್ಟದ್ದು ತಾನು ವಾಸಿಸುವ ಗುಡಿಸಲ ಜಾಗವನ್ನು ಮಾತ್ರ. ಹೆಚ್ಚುವರಿ ಭೂಮಿಯ ಹಂಚಿಕೆಯಿಂದ ಭೂಹೀನರಿಗೆ ಬಂದದ್ದು ಗೇಣಿದಾರರಿಗೆ ಬಂದದ್ದರ ಮುಂದೆ ಬಹಳ ಸಣ್ಣದು. ಎಪ್ಪತ್ತರ ದಶಕದಲ್ಲಿ ಭದ್ರಾವತಿಯ ಪ್ರೊಫೆಸರ್ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದು ಭೂಮಿಯ ಮಾತನ್ನು ಮತ್ತೆ ಎತ್ತಿದ್ದು ಅದೇ ಶಿವಮೊಗ್ಗ ಜಿಲ್ಲೆಯಲ್ಲಿ ಎಂಬುದು ಆಕಸ್ಮಿಕವಲ್ಲ.

ಗೇಣಿದಾರ ಒಡೆಯನಾದ ಮೇಲೆ ಅವನ ಜಗಳವೂ ಬದಲಾಯಿತು. 1980ರ ಜುಲೈಯಲ್ಲಿ ನರಗುಂದ ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರಾಯಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಈಗ ಎದುರಾಳಿ ಊರಿನ ಧಣಿಯಲ್ಲ, ಸರ್ಕಾರ. ಪ್ರಶ್ನೆ ಕೊಳಗದ್ದಲ್ಲ, ಕರದ್ದು, ಸಾಲದ್ದು, ಬೆಳೆಯ ಬೆಲೆಯದ್ದು. ಗೇಣಿದಾರರ ಸಮುದಾಯಗಳಿಂದ ಶಾಸಕರು, ಮಂತ್ರಿಗಳು ಬಂದರು. ಸೊರಬದ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಗಳಾದರು. ಕಾಗೋಡಿನ ಹೆಸರನ್ನೇ ಹೊತ್ತ ತಿಮ್ಮಪ್ಪನವರು ವಿಧಾನಸಭೆಯ ಅಧ್ಯಕ್ಷರೂ ಆಮೇಲೆ ಕಂದಾಯ ಮಂತ್ರಿಗಳೂ ಆದರು. ಕೊಳಗಕ್ಕಾಗಿ ಜೈಲು ಕಂಡ ಊರಿನವರ ಕೈಗೆ ರಾಜ್ಯದ ಪಹಣಿಯ ಬೀಗದ ಕೈ ಬಂದಿತು.

2000ದ ಸುಮಾರಿಗೆ ಆ ಪಹಣಿಯೂ ಕೈಬರಹದಿಂದ ಕಂಪ್ಯೂಟರಿಗೆ ಹೋಯಿತು. 2020ರಲ್ಲಿ ಭೂಸುಧಾರಣಾ ಶಾಸನದ 79 ಎ ಮತ್ತು 79 ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ ಬೇಸಾಯಗಾರನಲ್ಲದವನೂ ಬೇಸಾಯದ ಭೂಮಿಯನ್ನು ಕೊಳ್ಳಬಹುದಾಯಿತು. ಗೇಣಿಯ ನಿಷೇಧವೇನೋ ಶಾಸನದಲ್ಲಿ ಹಾಗೆಯೇ ಇದೆ. ಆದರೆ ಹಳ್ಳಿಗಳಲ್ಲಿ ಮಕ್ಕಳು ಪಟ್ಟಣ ಸೇರಿದ ಮನೆಗಳ ಹೊಲವನ್ನು ಬೇರೊಬ್ಬರು ಗುತ್ತಿಗೆಗೋ ಪಾಲಿಗೋ ಮಾಡುತ್ತಿದ್ದಾರೆ. ನಿಷೇಧವಿರುವುದರಿಂದ ಕರಾರು ಬರೆಯುವಂತಿಲ್ಲ. ಎಲ್ಲವೂ ಮತ್ತೆ ಬಾಯಿಮಾತು. ಭೂಮಿ ಕೊಟ್ಟವರಲ್ಲಿ ಅನೇಕರು 1974ರ ಕಾನೂನಿನಿಂದ ಭೂಮಿ ಪಡೆದವರ ಮೊಮ್ಮಕ್ಕಳೇ. ಪಹಣಿಯ 9ನೆಯ ಕಲಮಿನಲ್ಲಿ ಒಡೆಯನ ಹೆಸರಿರುತ್ತದೆ. 12ನೆಯ ಕಲಮು ಸಾಗುವಳಿ ಮಾಡುವವನದು. ಅಲ್ಲಿಯೂ ಒಡೆಯನ ಹೆಸರೇ ಅಚ್ಚಾಗಿ ಬರುತ್ತದೆ. ಬರಗಾಲ ಬಿದ್ದ ವರ್ಷ ಬೆಳೆಯ ಪರಿಹಾರದ ಹಣ ಸೇರುವುದು ಆ ಹೆಸರಿನವರ ಬ್ಯಾಂಕು ಖಾತೆಗೆ.